ರಾಜೀನಾಮೆ ಬರೆಯುವ ಮುನ್ನ

ರಾಮಮೂರ್ತಿ ನಗರದಿಂದ ಪ್ರತಿದಿನ ಬೆಳಿಗ್ಗೆ ಟಿನ್ ಫ್ಯಾಕ್ಟರಿಯ ಸಂದಣಿಯನ್ನು ದಾಟಿ ವೈಟ್‌ಫೀಲ್ಡ್‌ಗೋ ಹೊರವರ್ತುಲ ರಸ್ತೆಯ ಕಚೇರಿಗಳಿಗೋ ತೆರಳುವ ಯುವಜನರಲ್ಲಿ ಅನೇಕರನ್ನು ಒಂದು ಪ್ರಶ್ನೆ ಕಾಡುತ್ತಿರುತ್ತದೆ. ಮ್ಯಾನೇಜರ್ ಎಲ್ಲರೆದುರು ಅವಮಾನಿಸಿದ್ದಾನೆ, ಮಾಡಿದ ಕೆಲಸದ ಶ್ರೇಯ ಇನ್ನೊಬ್ಬನ ಪಾಲಾಗಿದೆ, ನ್ಯಾಯವಾದ ರಜೆಯೂ ಸಿಕ್ಕಿಲ್ಲ. ಇನ್ನೂ ಅಲ್ಲಿರಬೇಕೇ, ಬಿಟ್ಟು ಬರಬೇಕೇ? ಮನೆಯ ಹಿರಿಯರು ‘ಸಹಿಸಿಕೋ’ ಎನ್ನುತ್ತಾರೆ. ಗೆಳೆಯರು ‘ಮುಖದ ಮೇಲೆ ಎಸೆದು ಬಾ’ ಎನ್ನುತ್ತಾರೆ. ಇವೆರಡೂ ಅರ್ಧ ಸಲಹೆಗಳೆಂಬುದು ನಮ್ಮ ಅಭಿಪ್ರಾಯ.

ರಾಮಮೂರ್ತಿ ನಗರದ ಮಗ್ಗುಲಲ್ಲೇ ದೂರವಾಣಿನಗರವಿದೆ. 1948ರಲ್ಲಿ ಆರಂಭಗೊಂಡ ಐಟಿಐ ಕಾರ್ಖಾನೆಯಿಂದಲೇ ಅದಕ್ಕೆ ಆ ಹೆಸರು. ಅಲ್ಲಿ ದುಡಿದ ತಲೆಮಾರಿನವರ ಬೆನ್ನಿಗೆ ಯೂನಿಯನ್ ಇತ್ತು. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ ಮುಂತಾದ ಉದ್ದಿಮೆಗಳ ಕಾರ್ಮಿಕರು 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ 77 ದಿನ ಒಟ್ಟಾಗಿ ಮುಷ್ಕರ ಹೂಡಿದ್ದು ಈ ನಗರದ ಇತಿಹಾಸ. ಅವರ ಮಕ್ಕಳು, ಮೊಮ್ಮಕ್ಕಳು ಇಂದು ಹವಾನಿಯಂತ್ರಿತ ಕಚೇರಿಗಳಲ್ಲಿದ್ದಾರೆ. ಆದರೆ ಮೇಲಧಿಕಾರಿಯ ಎದುರು ಹೆಚ್ಚಿನವರು ಒಂಟಿ. ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಿಗೆ 1946ರ ಸ್ಥಾಯಿ ಆದೇಶಗಳ ಕಾಯಿದೆಯಿಂದ ನೀಡಿದ್ದ ವಿನಾಯಿತಿಯನ್ನು ಕರ್ನಾಟಕ ಸರಕಾರ 2024ರಲ್ಲಿ ಮತ್ತೆ ಐದು ವರ್ಷಗಳಿಗೆ ವಿಸ್ತರಿಸಿತು. ನೌಕರರ ಅಹವಾಲು ಆಲಿಸುವ ಸಮಿತಿ ಇರಬೇಕೆಂಬ ಷರತ್ತನ್ನೂ ವಿಧಿಸಿತು. ತಮ್ಮ ಕಚೇರಿಯಲ್ಲಿ ಅಂತಹ ಸಮಿತಿ ಇದೆಯೇ ಎಂದು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ವಿಚಾರಿಸಿದ್ದಾರೆ?

ಒಂಟಿಯಾದವನು ಕೋಪದಲ್ಲಿ ಮೊದಲು ಬರೆಯುವುದು ರಾಜೀನಾಮೆಯನ್ನು. ಅವನು ಹೊರಹೋಗಲೆಂದು ಬಯಸುವ ಮೇಲಧಿಕಾರಿಗೆ ಬೇಕಾದದ್ದೂ ಅದೇ. ಕಾನೂನಿನ ದೃಷ್ಟಿಯಲ್ಲಿ ಕಾರ್ಮಿಕನೆನಿಸಿದವನನ್ನು ಒಂದು ವರ್ಷದ ಸೇವೆಯ ಬಳಿಕ ಹೆಚ್ಚುವರಿಯೆಂದು ತೆಗೆಯುವುದಾದರೆ ನೋಟಿಸ್ ನೀಡಬೇಕು. ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ವೇತನವನ್ನು ಪರಿಹಾರವಾಗಿ ಕೊಡಬೇಕು. ತಾನಾಗಿಯೇ ಬಿಟ್ಟವನಿಗೆ ಆ ಪರಿಹಾರವಿಲ್ಲ. ಅಂದರೆ ಕಾನೂನು ಕೊಟ್ಟ ರಕ್ಷಣೆಯನ್ನು ನೌಕರ ಸ್ವಹಸ್ತದಿಂದಲೇ ಹಿಂದಿರುಗಿಸಿದಂತಾಗುತ್ತದೆ.

ಕೊಟ್ಟ ರಾಜೀನಾಮೆಯನ್ನು ಹಿಂಪಡೆಯಬಹುದಲ್ಲವೇ ಎಂದು ಕೇಳಬಹುದು. ಕೊಂಕಣ ರೈಲ್ವೆಯಲ್ಲಿ 1990ರಿಂದ ದುಡಿಯುತ್ತಿದ್ದ ಉದ್ಯೋಗಿಯೊಬ್ಬರು 2013ರ ಡಿಸೆಂಬರ್‌ನಲ್ಲಿ ರಾಜೀನಾಮೆ ಸಲ್ಲಿಸಿ, 2014ರ ಮೇ ತಿಂಗಳಲ್ಲಿ ಅದನ್ನು ಹಿಂಪಡೆದರು. ಸಂಸ್ಥೆ ಒಪ್ಪಲಿಲ್ಲ. ಕರ್ನಾಟಕ ಹೈಕೋರ್ಟ್‌ನ ಏಕಸದಸ್ಯ ಪೀಠ ಅವರ ಪರವಾಗಿ ತೀರ್ಪಿತ್ತಿತು. ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. ರಾಜೀನಾಮೆಯ ಅಂಗೀಕಾರ ಉದ್ಯೋಗಿಗೆ ತಲುಪಿರಲೇ ಇಲ್ಲವೆಂದು ಕಂಡುಕೊಂಡ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳುವಂತೆ, ಹೊರಗಿದ್ದ ಅವಧಿಗೆ ಅರ್ಧ ವೇತನ ನೀಡುವಂತೆ ಆದೇಶಿಸಿತು. ನ್ಯಾಯವೇನೋ ದೊರೆಯಿತು. ಆದರೆ ಒಂದು ಪತ್ರದ ಬೆಲೆ ಹತ್ತು ವರ್ಷ! ಅಷ್ಟು ಕಾಲ ಕಾಯಬಲ್ಲ ಕುಟುಂಬಗಳು ನಮ್ಮಲ್ಲಿ ಎಷ್ಟಿವೆ?

ಹಾಗೆಂದು ಅವಮಾನವನ್ನು ನುಂಗಿಕೊಂಡೇ ಬದುಕಬೇಕೆಂದು ನಾವು ಹೇಳುತ್ತಿಲ್ಲ. ಸಹನೆಯೆಂದರೆ ಅನ್ಯಾಯಕ್ಕೆ ತಲೆಬಾಗುವುದಲ್ಲ. ಸುಳ್ಳು ಲೆಕ್ಕಕ್ಕೆ ಸಹಿ ಹಾಕೆನ್ನುವ, ಗ್ರಾಹಕರನ್ನು ವಂಚಿಸೆನ್ನುವ, ಹೆಣ್ಣುಮಕ್ಕಳ ಘನತೆಗೆ ಕೈಹಾಕುವ ಕಡೆ ಇರುವುದೇ ತಪ್ಪು. ಆರೋಗ್ಯ ಕೆಡಿಸುವ ಕೆಲಸವೂ ಅಂತಹುದೇ. ಆದರೆ ಬಿಡುವ ನಿರ್ಧಾರ ಹಗಲಿನಲ್ಲಿ, ಲೆಕ್ಕ ಹಾಕಿ ಆಗಬೇಕು, ಜಗಳವಾಡಿದ ರಾತ್ರಿಯಲ್ಲಲ್ಲ.

ಆ ಲೆಕ್ಕ ಸರಳವಾಗಿದೆ. ಕಾಯಂ ನೌಕರನಿಗೆ ಗ್ರಾಚ್ಯುಟಿ ದೊರೆಯಲು ಐದು ವರ್ಷಗಳ ಸೇವೆ ಬೇಕು; ನಾಲ್ಕೂವರೆ ವರ್ಷಕ್ಕೆ ಬಿಟ್ಟುಬಂದವನು ಕಳೆದುಕೊಳ್ಳುವುದೆಷ್ಟೆಂದು ಯೋಚಿಸಲಿ. ನಿಗದಿತ ಅವಧಿಯ ನೌಕರರಿಗೆ ಇದು ಒಂದು ವರ್ಷಕ್ಕೆ ಇಳಿದದ್ದು 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾದಾಗ. ಭವಿಷ್ಯ ನಿಧಿಯ ಪಿಂಚಣಿಗೆ ಹತ್ತು ವರ್ಷಗಳ ಸೇವೆ ಬೇಕು. ಕಂಪೆನಿಯ ವಿಮೆಯಲ್ಲಿ ತಾಯಿಯ ಚಿಕಿತ್ಸೆ ನಡೆಯುತ್ತಿದ್ದರೆ ಅದೂ ಕೆಲಸದೊಂದಿಗೇ ಹೋಗುತ್ತದೆ. ಮನೆ ಬಾಡಿಗೆ, ತಮ್ಮ ತಂಗಿಯರ ಶುಲ್ಕ ಎಷ್ಟು ತಿಂಗಳಿಗೆ ಸಾಕಾದೀತು? ಇವನ್ನೆಲ್ಲ ಬರೆದಿಟ್ಟುಕೊಳ್ಳಬೇಕು. ನಡೆದ ಘಟನೆಗಳನ್ನು ದಿನಾಂಕ ಸಹಿತ ದಾಖಲಿಸಬೇಕು. ದೂರನ್ನು ಬಾಯಿಮಾತಿನಲ್ಲಿ ಹೇಳದೆ ಲಿಖಿತವಾಗಿ ಕೊಡಬೇಕು. ಕಾಗದವೇ ನಾಳೆಯ ಸಾಕ್ಷಿ.

ಇದು ಕುಟುಂಬದ ಹೊಣೆಯೂ ಹೌದು. ಮಗನ ಸಂಬಳವೆಷ್ಟೆಂದು ನಮಗೆ ಗೊತ್ತಿರುತ್ತದೆ. ಅದನ್ನು ಅವನು ಏನು ಸಹಿಸಿ ತರುತ್ತಾನೆಂದು ಕೇಳುವುದಿಲ್ಲ. ಮಗಳು ಮೌನವಾಗಿ ಊಟ ಬಿಟ್ಟೇಳುವುದನ್ನು ದಣಿವೆಂದು ಭಾವಿಸುತ್ತೇವೆ. ದೂರವಾಣಿನಗರದ ಕಾರ್ಮಿಕನ ಬೆನ್ನಿಗೆ ನಿಂತಿದ್ದ ಯೂನಿಯನ್ ಅವರಿಗಿಲ್ಲದಿದ್ದರೆ, ಕನಿಷ್ಠ ಮನೆಯವರಾದರೂ ಜೊತೆಗೆ ಕುಳಿತು ಆಲಿಸಬೇಡವೇ? ಮದುವೆ, ಆಸ್ತಿಯ ವ್ಯಾಜ್ಯಗಳನ್ನು ಬಗೆಹರಿಸುವ ಮೊಹಲ್ಲಾ ಕಮಿಟಿಗಳು ಕಾರ್ಮಿಕ ಕಾನೂನು ಬಲ್ಲ ವಕೀಲರೊಬ್ಬರನ್ನು ತಿಂಗಳಿಗೊಮ್ಮೆ ಕರೆಸುವುದೇನೂ ಕಷ್ಟವಲ್ಲ. ಕೆಲಸದಲ್ಲಿ ಉಳಿಯುವುದೋ ಬಿಡುವುದೋ, ಆ ನಿರ್ಧಾರ ನೌಕರನದ್ದೇ ಆಗಿರಲಿ. ಆದರೆ ಅದನ್ನು ಅವನು ಒಂಟಿಯಾಗಿ ತೆಗೆದುಕೊಳ್ಳುವಂತಾಗದಿರಲಿ.