ಬಡಕಲು ಕುದುರೆ ಮೇಲಿನ ತಾಲೂಕ್ದಾರ

ಬ್ಲಾಗಿನ ಕಡೆ ತಲೆ ಹಾಕದೆ ತುಂಬಾ ದಿನ ಆಯ್ತು. ಊರಿಗೆ ಹೋಗಿದ್ದೆ. ಊರು ಅಂದ್ರೆ ವನದುರ್ಗ, ನನ್ನ ತಾಯಿಯ ತವರು. ಶಹಾಪುರ ತಾಲೂಕು, ಯಾದಗಿರಿ ಜಿಲ್ಲೆ. ಸುರಪುರದ ನಾಯಕರ ಕಾಲದ ಕೋಟೆ ಇರುವ ಊರು. ಅಲ್ಲಿ ನಡೆದ ಒಂದು ಜಗಳ ಇನ್ನೂ ತಲೆಯಲ್ಲಿ ಕೊರೀತಾ ಇದೆ, ಅದಕ್ಕೇ ಈ ಬರಹ.

ಮಾಮನ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕಿದೆ. ಅದರಲ್ಲಿ ಹಳೆ ಜಮೀನಿನ ಕಾಗದಗಳ ಮಧ್ಯೆ ಒಂದು ಚಿತ್ರ. ಎಲುಬು ಎಣಿಸಬಹುದಾದಷ್ಟು ಬಡಕಲು ಕುದುರೆ, ಅದರ ಮೇಲೆ ಡೊಳ್ಳು ಹೊಟ್ಟೆಯ ಒಬ್ಬ ಅಧಿಕಾರಿ. ಕುದುರೆ ಬಾಯಲ್ಲಿ ಹುಲ್ಲಿಲ್ಲ, ಅಧಿಕಾರಿಯ ಕೈಯಲ್ಲಿ ಮಾತ್ರ ಹಣ್ಣಿದೆ! ಕೆಳಗೆ ಒಂದು ಸಾಲು ಫಾರ್ಸಿ ಲಿಪಿ. ಶಹಾಪುರದ ಉರ್ದು ಸಾಲಿ ಮಾಸ್ತರೊಬ್ಬರು ಕಷ್ಟಪಟ್ಟು ಓದಿ ಹೇಳಿದ್ದು ಒಂದೇ ಶಬ್ದ: ತಾಲೂಕ್ದಾರ. ನಿಜಾಮರ ಆಡಳಿತದಲ್ಲಿ ಜಿಲ್ಲೆಯ ದೊಡ್ಡ ಸಾಹೇಬನ ಹುದ್ದೆ ಅದು. ಉಳಿದ ಅಕ್ಷರ ಹುಳ ತಿಂದಿದೆ. ಯಾರು ಬರೆದರೋ, ಯಾವ ಇಸವಿಯೋ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಈಗ ಪಟ್ಟಣದಿಂದ ಹಳೆ ಸಾಮಾನು ಕೊಳ್ಳುವವನೊಬ್ಬ ಬಂದು ಹದಿನೈದು ಸಾವಿರ ಕೊಡ್ತೀನಿ ಅಂದು ಹೋಗಿದ್ದಾನೆ. ಮಾಮ ನನ್ನನ್ನು ಕೇಳಿದ. ನಾನು ಮ್ಯೂಸಿಯಮ್ಮಿಗೆ ಕೊಡು ಮಾಮಾ ಅಂದೆ. ಅಷ್ಟೇ, ಶುರುವಾಯ್ತು.

"ಮ್ಯೂಸಿಯಂ ಅಂದ್ರ ಏನು ತಮ್ಮಾ, ಸರ್ಕಾರದ ಅಟ್ಟ. ನಮ್ಮ ಅಟ್ಟದಾಗ ಇಲಿ ಅದಾವ, ಅವರ ಅಟ್ಟದಾಗ ಗೆದ್ದಲ ಅದಾವ. ಮತ್ಯಾಕ ಪುಕ್ಕಟೆ ಕೊಡಬೇಕು?"

ನಗು ಬಂತು. ಆದರೆ ಉತ್ತರ ಕೊಡೋಕೆ ಆಗಲಿಲ್ಲ. ರಾತ್ರಿ ಮಾಳಿಗೆ ಮೇಲೆ ಮಲಗಿ ಯೋಚಿಸಿದಾಗ ಹೊಳೆದದ್ದನ್ನು ಇಲ್ಲಿ ಬರೀತಿದ್ದೀನಿ.

ಐರ್ಲೆಂಡಿನ ಡಬ್ಲಿನ್ನಿನಲ್ಲಿ ಚೆಸ್ಟರ್ ಬೀಟಿ ಅನ್ನುವ ಸಂಗ್ರಹಾಲಯ ಇದೆ. ಆಲ್ಫ್ರೆಡ್ ಚೆಸ್ಟರ್ ಬೀಟಿ 1875ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವನು, ಗಣಿ ಉದ್ಯಮದಲ್ಲಿ ದುಡ್ಡು ಮಾಡಿದವನು. ಆ ದುಡ್ಡಿನಲ್ಲಿ ಫಾರ್ಸಿ, ಅರಬ್ಬಿ, ಮೊಗಲ್ ಹಸ್ತಪ್ರತಿ ಮತ್ತು ಚಿತ್ರಗಳನ್ನು ಕೂಡಿಹಾಕಿದ. 1950ರಲ್ಲಿ ಡಬ್ಲಿನ್ನಿಗೆ ಬಂದು ನೆಲೆಸಿದ, 1968ರಲ್ಲಿ ಸಾಯುವಾಗ ಅಷ್ಟನ್ನೂ ಸಾರ್ವಜನಿಕರಿಗೆ ಬಿಟ್ಟು ಹೋದ. ಮಕ್ಕಳು ಹಂಚಿಕೊಂಡು ಹರಾಜಿಗೆ ಹಾಕಿದ್ದರೆ ಒಂದೊಂದು ಹಾಳೆ ಒಂದೊಂದು ದೇಶದ ಶ್ರೀಮಂತನ ಬೀರು ಸೇರ್ತಿತ್ತು.

ಅಲ್ಲಿರುವ ಒಂದು ಚಿತ್ರ ನಮ್ಮ ದಖ್ಖನ್ನಿನ ಕಥೆ. ಸುಮಾರು 1616ರಲ್ಲಿ ಅಬುಲ್ ಹಸನ್ ಬರೆದದ್ದು. ಬಾದಶಹ ಜಹಾಂಗೀರ್ ಭೂಗೋಳದ ಮೇಲೆ ನಿಂತಿದ್ದಾನೆ. ಆ ಗೋಳ ಒಂದು ಎತ್ತಿನ ಮೇಲೆ, ಎತ್ತು ಒಂದು ಮೀನಿನ ಮೇಲೆ. ಎದುರಿಗೆ ಈಟಿಗೆ ಸಿಕ್ಕಿಸಿದ ಮಲಿಕ್ ಅಂಬರನ ರುಂಡ, ಜೊತೆಗೆ ಗೂಬೆ. ಬಾದಶಹ ಅದಕ್ಕೆ ಗುರಿಯಿಟ್ಟು ಬಾಣ ಬಿಡ್ತಿದ್ದಾನೆ. ಸುತ್ತ ಫಾರ್ಸಿಯಲ್ಲಿ ಹೊಗಳಿಕೆ.

ಎಂಥಾ ಪರಾಕ್ರಮ ಅಂತೀರಾ? ಪೂರಾ ಸುಳ್ಳು! ಇಥಿಯೋಪಿಯಾದಿಂದ ಗುಲಾಮನಾಗಿ ಬಂದು ಅಹಮದನಗರದ ನಿಜಾಮಶಾಹಿಯನ್ನು ಆಳಿದ ಮಲಿಕ್ ಅಂಬರ್ ಕೊನೆವರೆಗೂ ಜಹಾಂಗೀರನ ಕೈಗೆ ಸಿಗಲಿಲ್ಲ. 1624ರಲ್ಲಿ ಭಾತವಡಿಯಲ್ಲಿ ಮೊಗಲರನ್ನೂ ವಿಜಯಪುರದವರನ್ನೂ ಒಟ್ಟಿಗೇ ಸೋಲಿಸಿದ. 1626ರಲ್ಲಿ ಮುಪ್ಪಿನಲ್ಲಿ ಸತ್ತ, ರುಂಡ ಮುಂಡದ ಮೇಲೇ ಇತ್ತು :) ಯುದ್ಧದಲ್ಲಿ ಆಗದ್ದನ್ನು ಬಾದಶಹ ಕಾಗದದ ಮೇಲೆ ಮಾಡಿಸಿಕೊಂಡ. ವೈರಿಯನ್ನು ಅಣಕಿಸಲು ಬರೆಸಿದ ಚಿತ್ರ ಇವತ್ತು ಬರೆಸಿದವನನ್ನೇ ಅಣಕಿಸುತ್ತಿದೆ. ಚಿತ್ರ ಎಲ್ಲರ ಕಣ್ಣಿಗೆ ಬೀಳುವ ಕಡೆ ಇರೋದರಿಂದ ತಾನೇ ನಾವು ಹೀಗೆ ನಗೋಕೆ ಆಗಿದ್ದು?

ಅದೇ ಸಂಗ್ರಹದಲ್ಲಿ 1570ರ ಸುಮಾರಿಗೆ ವಿಜಯಪುರದಲ್ಲಿ ತಯಾರಾದ ನುಜೂಮ್ ಅಲ್ ಉಲೂಮ್ ಅನ್ನುವ ಚಿತ್ರವಿರುವ ಫಾರ್ಸಿ ಗ್ರಂಥವೂ ಇದೆ. ನಮ್ಮದೇ ನೆಲದ ಪುಸ್ತಕ. ಇದನ್ನು ಡಬ್ಲಿನ್ನಿನಲ್ಲಿ ನೋಡಬೇಕಲ್ಲಾ ಅಂತ ಹೊಟ್ಟೆ ಉರಿಯೋದು ಸಹಜ. ಬ್ರಿಟಿಷರ ಕಾಲದಲ್ಲಿ ಇಂಥವು ಸಮುದ್ರ ದಾಟಿದ್ದು ನ್ಯಾಯವಾಗಿಯೇ ಅಂತ ನಾನು ಹೇಳಲ್ಲ. ಆದರೆ ದಾಟಿದ್ದರಲ್ಲಿ ನಮಗೆ ಇವತ್ತು ಕಾಣಿಸ್ತಿರೋದು ಯಾರೋ ಕೊಟ್ಟದ್ದು ಮಾತ್ರ. ಬೀರುವಿನಲ್ಲಿ ಇಟ್ಟುಕೊಂಡದ್ದು ಇದ್ದೂ ಇಲ್ಲ.

ಈಗ ನಮ್ಮ ಕಡೆಯ ಸಂಗತಿ. 1705ರಲ್ಲಿ ಔರಂಗಜೇಬ ತಾನೇ ಖುದ್ದಾಗಿ ನಿಂತು ಸುರಪುರದ ಪಕ್ಕದ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಫೆಬ್ರವರಿಯಿಂದ ಏಪ್ರಿಲ್ ವರೆಗೆ ನಡೀತು. ಕೋಟೆ ಬಿತ್ತು, ಪಿಡ್ಡ ನಾಯಕ ಸಿಗಲಿಲ್ಲ. ಮಧ್ಯದಲ್ಲಿ ಶರಣಾಗ್ತೀನಿ ಅಂತ ಹೇಳಿಕಳಿಸಿ, ಆಮೇಲೆ ನಾಯಕನಿಗೆ ಹುಚ್ಚು ಹಿಡಿದು ಓಡಿಹೋದ ಅಂತ ಸುದ್ದಿ ಹಬ್ಬಿಸಿ ಬಾದಶಹನನ್ನೇ ಏಮಾರಿಸಿದರು. ಅದು ಅವನು ಖುದ್ದಾಗಿ ನಡೆಸಿದ ಕೊನೆಯ ಮುತ್ತಿಗೆ. ಆಮೇಲೆ ಹತ್ತಿರದ ದೇವಾಪುರದಲ್ಲಿ ಬಿಡಾರ ಹೂಡಿದಾಗ ಕಾಯಿಲೆ ಬಿದ್ದ, 1707ರಲ್ಲಿ ಅಹಮದನಗರದಲ್ಲಿ ಸತ್ತ. ಇದೆಲ್ಲ ನಮಗೆ ಗೊತ್ತಾಗೋದು ಹೆಚ್ಚಾಗಿ ಮೊಗಲರ ಕಡೆಯ ಫಾರ್ಸಿ ಬರಹಗಳಿಂದ. ಅವುಗಳಲ್ಲಿ ಬೇಡರ ಬಗ್ಗೆ ಬೈಗುಳಕ್ಕೇನೂ ಕಮ್ಮಿ ಇಲ್ಲ. ಆ ದಿನ ವಾಗಣಗೇರಾದ ಮನೆಗಳಲ್ಲಿ ಬಾದಶಹನ ಬಗ್ಗೆ ಎಷ್ಟು ನಕ್ಕಿರಬೇಡ! ಆ ನಗು ಯಾವ ಕಾಗದದಲ್ಲಿದೆ?

ಮಾಮನ ಟ್ರಂಕಿನ ಹಾಳೆ ನನಗೆ ದೊಡ್ಡದಾಗಿ ಕಾಣೋದು ಇದಕ್ಕೇ. ಅರಮನೆಯವರು ಬೇರೆಯವರನ್ನು ನೋಡಿ ನಕ್ಕ ಚಿತ್ರಗಳು ಲೋಕದ ತುಂಬಾ ಇವೆ. ಕಂದಾಯ ಕಟ್ಟುವವನು ಸಾಹೇಬನನ್ನು ನೋಡಿ ನಕ್ಕ ಚಿತ್ರ ಅಪರೂಪ. ಅದು ಪಟ್ಟಣದ ಯಾರದೋ ಬೈಠಕ್ ಖಾನೆಗೆ ಹೋದರೆ 'ಹಳೇ ಕುದುರೆ ಚಿತ್ರ' ಆಗುತ್ತೆ. ಕುದುರೆ ಯಾರು, ಕೂತವನು ಯಾರು, ಯಾವ ಊರಿನ ನಗು, ಎಲ್ಲ ಅಳಿಸಿಹೋಗುತ್ತೆ.

ಹಾಗಂತ ಮಾಮನ ಅನುಮಾನ ಸುಳ್ಳಲ್ಲ. ಒಂದು ವಸ್ತುಸಂಗ್ರಹಾಲಯದಲ್ಲಿ ನಾನೇ ನೋಡಿದ್ದೀನಿ, ವಿಗ್ರಹಗಳು ಹೆಸರಿಲ್ಲದೆ ಗೋಡೆಗೆ ಒರಗಿ ಕೂತಿದ್ದವು. ಕೊಡುವವನಿಗೂ ಹಕ್ಕಿದೆ ಅನ್ನೋದು ನನ್ನ ವಾದ. ಕೊಡುವ ಮುಂಚೆ ಎರಡೂ ಬದಿ ಫೋಟೋ ತೆಗೆದಿಟ್ಟುಕೊಳ್ಳಬೇಕು. ಕೊಟ್ಟದ್ದಕ್ಕೆ ನೋಂದಣಿ ಸಂಖ್ಯೆ ಹಾಕಿದ ರಸೀದಿ ಕೇಳಬೇಕು. ಚೀಟಿಯಲ್ಲಿ ಊರಿನ ಹೆಸರು ಬರಬೇಕು. ಬೇಕಾದವರಿಗೆ ನೋಡೋಕೆ ಕೊಡಬೇಕು. ಇಷ್ಟಕ್ಕೆ ಒಪ್ಪದ ಕಡೆ ಕೊಡಬೇಡಿ, ಇನ್ನೊಂದು ಕಡೆ ಕೇಳಿ.

ಮಾರೋದು ಅಂದುಕೊಂಡಷ್ಟು ಸರಳವೂ ಅಲ್ಲ. 1972ರ ಪ್ರಾಚ್ಯವಸ್ತು ಕಾಯಿದೆ ಪ್ರಕಾರ ನೂರು ವರ್ಷ ದಾಟಿದ ಚಿತ್ರ ಪ್ರಾಚ್ಯವಸ್ತು. ಅದರ ವ್ಯಾಪಾರ ಮಾಡುವವನಿಗೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದ ಹೊರಗೆ ಸಾಗಿಸುವ ಹಾಗಿಲ್ಲ. ಮನೆಗೆ ಬಂದವನ ಹತ್ತಿರ ಲೈಸೆನ್ಸ್ ಕೇಳಿದಿರಾ ಮಾಮಾ ಅಂದರೆ, "ಚಾ ಕುಡದು ಹೋದ" ಅಂದ.

ಮರುದಿನ ಇದನ್ನೆಲ್ಲ ಹೇಳಿದೆ. ಮಾಮ ಬಹಳ ಹೊತ್ತು ಚಿತ್ರ ನೋಡಿದ. "ಹದಿನೈದು ಸಾವಿರ ಅಂದ್ರ ಬೋರಿನ ಮೋಟರ್ ರಿಪೇರಿ ಆಗ್ತದ, ಇಷ್ಟು ತಿಳಕೊ" ಅಂದ. ಅದೂ ನಿಜವೇ. ಬೀಟಿಗೆ ಗಣಿ ಇತ್ತು, ಮಾಮನಿಗೆ ಒಣಗಿದ ಬೋರು. ದಾನ ಮಾಡಿ ಅಂತ ಪಗಾರ ಬರುವ ನನ್ನಂಥವನು ಉಪದೇಶ ಮಾಡೋದು ಸುಲಭ. ಅದಕ್ಕೆ ಮೋಟರಿನ ಖರ್ಚು ನಾನು ಕೊಡ್ತೀನಿ ಅಂದೆ. ಚಿತ್ರ ಕೊಂಡ ಹಾಗಲ್ಲ, ಊರಿನ ನಗು ಊರಿನ ಹೆಸರಲ್ಲೇ ಉಳೀಲಿ ಅಂತ. ಮಾಮ ಇನ್ನೂ ಹೂಂ ಅಂದಿಲ್ಲ. ಕೊಳ್ಳುವವನಿಗೆ ದಸರಾ ಆದಮೇಲೆ ಬಾ ಅಂದಿದ್ದಾನೆ. ಚಿತ್ರ ಟ್ರಂಕಿಗೆ ವಾಪಸ್ ಹೋಗಿದೆ, ಫೋಟೋ ನನ್ನ ಹತ್ತಿರ ಇದೆ.

ನಿಮ್ಮ ಊರಿನ ಅಟ್ಟಗಳ ಮೇಲೂ ಇಂಥವು ಇರಬಹುದು. ಸ್ವಲ್ಪ ಹತ್ತಿ ನೋಡಿ. ಮತ್ತೆ ಹಳೆ ಫಾರ್ಸಿ ಅಕ್ಷರ ಓದಬಲ್ಲವರು ಯಾರಾದ್ರೂ ಗೊತ್ತಿದ್ದರೆ ತಿಳಿಸಿ. ಹುಳ ತಿಂದ ಉಳಿದ ಸಾಲಿನಲ್ಲಿ ಆ ತಾಲೂಕ್ದಾರನಿಗೆ ಏನಂತ ಬೈದಿದ್ದಾರೋ ನೋಡೋಣ :)