ವಿಮಾನದಿಂದ ಇಳಿದವರು ಮನೆ ಸೇರುವ ಬಗೆ

ನಮ್ಮ ನೀಲಗಿರಿಯಲ್ಲಿ ವಿಮಾನ ನಿಲ್ದಾಣವಿಲ್ಲ. ಉದಕಮಂಡಲದವರು ಕೊಯಮತ್ತೂರಿಗೆ ಇಳಿಯುತ್ತಾರೆ; ಗೂಡಲೂರು, ಮಸಿನಗುಡಿಯವರಿಗೆ ಮೈಸೂರಿನ ಮಂಡಕಳ್ಳಿಯೂ ಒಂದು ದಾರಿ. ತೋಟದ ಆದಾಯ ಸಾಲದೆ ಮಕ್ಕಳು ದೂರ ದೇಶಕ್ಕೆ ದುಡಿಯಹೋಗಿರುವ ಮನೆಗಳಲ್ಲಿ ವಿಮಾನವು ಈಗ ಸಿರಿವಂತರ ಮಾತಾಗಿ ಉಳಿದಿಲ್ಲ.

ಸಣ್ಣ ಊರುಗಳಿಗೂ ವಿಮಾನ ಬರಲೆಂದು ಕೇಂದ್ರ ಸರ್ಕಾರವು 2016ರಲ್ಲಿ ಉಡಾನ್ ಯೋಜನೆಯನ್ನು ತಂದಿತು. ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಆಸನಗಳ ದರ ಸುಮಾರು 2,500 ರೂಪಾಯಿ ಮೀರಬಾರದು; ಕಂಪನಿಗಾಗುವ ನಷ್ಟಕ್ಕೆ ಮೂರು ವರ್ಷ ಸಹಾಯಧನ. ಉದ್ದೇಶವೇನೋ ಒಳ್ಳೆಯದೇ. ಫಲ? ಮಹಾಲೇಖಪಾಲರ 2023ರ ವರದಿಯಂತೆ, ಮೊದಲ ಮೂರು ಸುತ್ತುಗಳಲ್ಲಿ ಮಂಜೂರಾದ 774 ಮಾರ್ಗಗಳ ಪೈಕಿ 403 ಆರಂಭವೇ ಆಗಲಿಲ್ಲ. ಮೂರು ವರ್ಷ ಪೂರೈಸಿದವು 112. ಆ ಬಳಿಕವೂ 2023ರ ಮಾರ್ಚಿನಲ್ಲಿ ನಡೆಯುತ್ತಿದ್ದವು 54 ಮಾತ್ರ. ಸಸಿಗೆ ಮೂರು ವರ್ಷ ನೀರು ಹೊತ್ತರೆ ಸಾಲದು, ಅದು ಬೇರು ಬಿಟ್ಟಿತೇ ಎಂದು ನೋಡಬೇಕೆಂಬುದನ್ನು ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ವಿಮಾನ ಮಾರ್ಗ ಬೇರು ಬಿಡುವುದು ಪ್ರಯಾಣಿಕರಿಂದ. ಪ್ರಯಾಣಿಕನು ಬರಬೇಕಾದರೆ ಮನೆಯಿಂದ ಮನೆಯವರೆಗಿನ ದಾರಿ ಕೂಡಿಬರಬೇಕು. ಮೈಸೂರಿನ ಸಂಗತಿಯನ್ನೇ ನೋಡಿ. ಗೂಡಲೂರಿನ ರಸ್ತೆ ಗುಂಡ್ಲುಪೇಟೆ, ನಂಜನಗೂಡು ದಾಟಿ ಮಂಡಕಳ್ಳಿ ನಿಲ್ದಾಣದ ಮುಂದೆಯೇ ಹಾದುಹೋಗುತ್ತದೆ. ಆದರೆ ಬಂಡೀಪುರದ ಕಾಡುದಾರಿಯಲ್ಲಿ ತುರ್ತು ವಾಹನ, ಅನುಮತಿಯುಳ್ಳ ಕೆಲವೇ ಬಸ್ಸುಗಳ ಹೊರತು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. 2009ರಿಂದ ಈ ಕಟ್ಟಳೆಯಿದೆ. ನಿಲ್ದಾಣದಿಂದ ಬಂಡೀಪುರಕ್ಕೆ ಸುಮಾರು 70 ಕಿಲೋಮೀಟರು. ದೊಡ್ಡ ಊರಿನಲ್ಲಿ ವಿಮಾನ ಬದಲಿಸಿಕೊಂಡು ರಾತ್ರಿ ಎಂಟಕ್ಕೆ ಇಳಿದವನು ಹೆಂಡತಿ ಮಕ್ಕಳೊಡನೆ ಬೆಳಗಾಗುವವರೆಗೆ ಎಲ್ಲಿರಬೇಕು? ಉಳಿಸಿದ ಹಣ ವಸತಿಗೃಹದ ಪಾಲಾಗುತ್ತದೆ. ಮುಂದಿನ ಸಲ ಆತ ಬೇರೆ ದಾರಿ ಹಿಡಿಯುತ್ತಾನೆ.

ಕಾಡನ್ನು ರಾತ್ರಿ ತೆರೆಯಿರೆಂದು ನಾವು ಕೇಳುವುದಿಲ್ಲ. ಆನೆ, ಜಿಂಕೆಗಳೂ ಬದುಕಬೇಕು. ನಮಗೆ ಹೊಸ ನಿಲ್ದಾಣವೂ ಬೇಡ. ಸಹಾಯಧನ ಕೊಡುವ ಸರ್ಕಾರವು ವಿಮಾನ ಇಳಿಯುವ ಹೊತ್ತನ್ನೂ ಗೊತ್ತುಮಾಡಲಿ. ಮಧ್ಯಾಹ್ನದೊಳಗೆ ಇಳಿದವನು ಹೊತ್ತು ಮುಳುಗುವ ಮುಂಚೆ ಮನೆ ಸೇರುತ್ತಾನೆ. ಎರಡೂ ರಾಜ್ಯಗಳ ಸಾರಿಗೆಯವರು ಆ ಹೊತ್ತಿಗೆ ಹೊಂದುವಂತೆ ಬಸ್ಸು ಬಿಟ್ಟು, ನಿಲ್ದಾಣದ ಬಾಗಿಲಲ್ಲಿ ನಿಲ್ಲಿಸಲಿ.

ಓದುಗರಿಗೂ ಒಂದು ಮಾತು. ವಿಮಾನ ಬದಲಿಸಬೇಕಾಗಿದ್ದರೆ ಕೊನೆಯವರೆಗೆ ಒಂದೇ ಟಿಕೆಟ್ಟು ಕೊಳ್ಳಿರಿ. ಎರಡು ಟಿಕೆಟ್ಟು ಬೇರೆ ಬೇರೆ ಕೊಂಡರೆ, ಮೊದಲಿನದು ತಡವಾಗಿ ಎರಡನೆಯದು ತಪ್ಪಿದಾಗ ನಷ್ಟ ಸಾಮಾನ್ಯವಾಗಿ ನಿಮ್ಮದೇ.

ಹಳ್ಳಿಹಳ್ಳಿಗಳಿಂದ ಮನವಿ ಹೋಗಲಿ. ಗಡಿ ದಾಟುವ ದಾರಿಯ ಕಷ್ಟವನ್ನು ಗಡಿಯವರೇ ಹೇಳಬೇಕಷ್ಟೆ.