ಕ್ಷಮೆಯೂ ಬೇಕು, ಕಾನೂನೂ ಬೇಕು

2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ತಮ್ಮ ಮನೆ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಎಂ.ಎಂ. ಕಂಟ್ರಿ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಪಿಸ್ತೂಲು ಕೈಗೆ ಬರುವ ಮೊದಲೇ ದ್ವೇಷ ತಲೆಗೇರಿರುತ್ತದೆ.

ಇಂಥ ದ್ವೇಷಕ್ಕೆ ಕ್ರೈಸ್ತರ ಉತ್ತರವೇನು? 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಎಳೆಯ ಮಕ್ಕಳನ್ನು ಮಲಗಿದ್ದ ವಾಹನದಲ್ಲೇ ಸುಟ್ಟರು. ಪತ್ನಿ ಗ್ಲ್ಯಾಡಿಸ್ ಹಂತಕರನ್ನು ಕ್ಷಮಿಸಿದರು. ಬಾರಿಪದದ ಕುಷ್ಠರೋಗಿಗಳ ಆರೈಕೆಯನ್ನು ಮುಂದುವರಿಸಿದರು. ಹಾಗೆಂದು ಕಾನೂನು ಸುಮ್ಮನಿರಲಿಲ್ಲ. ಪ್ರಮುಖ ಅಪರಾಧಿ ದಾರಾ ಸಿಂಗ್‌ನ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕ್ಷಮೆ ನೊಂದವರ ಹಕ್ಕು, ಶಿಕ್ಷೆ ಸರ್ಕಾರದ ಹೊಣೆ. ಒಂದನ್ನು ಮುಂದೆ ಮಾಡಿ ಇನ್ನೊಂದರಿಂದ ನುಣುಚಿಕೊಳ್ಳುವಂತಿಲ್ಲ.

ಈ ಮಾತು ನಮ್ಮ ಕಡೆಗೂ ಸಲ್ಲುತ್ತದೆ. ಯಾದಗಿರಿ, ಶಹಾಪುರ, ಸುರಪುರದ್ದು ಹಿಂದೂ–ಮುಸ್ಲಿಮರು ಕೂಡಿ ನಡೆದುಕೊಳ್ಳುವ ಸಂತ ತಿಂಥಣಿ ಮೌನೇಶ್ವರರ ಸೀಮೆ. ಆದರೂ ಹಬ್ಬ, ಚುನಾವಣೆ ಬಂತೆಂದರೆ ವಾಟ್ಸ್‌ಆ್ಯಪ್ ವದಂತಿಗೆ ಓಣಿ ಓಣಿಯೇ ಅಂಜುವ ಕಾಲವಿದು. ಕತ್ತಿ ಹಿರಿದ ಶಿಷ್ಯ ಪೇತ್ರನನ್ನು ಯೇಸುವೇ ತಡೆದ. ಆ ಪಾಠ ಭಾನುವಾರದ ಪ್ರಸಂಗಕ್ಕೇ ಮುಗಿಯಬಾರದು. ಸಭಾಪಾಲಕರು, ಮಠ–ದರ್ಗಾಗಳ ಹಿರಿಯರು ಠಾಣೆಯ ಶಾಂತಿ ಸಭೆಗೆ ಕರೆ ಬರುವ ತನಕ ಕಾಯದೆ ಓಣಿಗಳಲ್ಲಿ ಜೊತೆಯಾಗಿ ಕೂತು ಮಾತಾಡಲಿ. ಪೊಲೀಸರು ಕಂಟ್ರಿ ಪಿಸ್ತೂಲಿನ ಜಾಡು ಹಿಡಿದು ಮಾರುವವರ ತನಕ ಹೋಗಲಿ, ದ್ವೇಷ ಭಾಷಣ ಮಾಡಿದವರ ಮೇಲೆ ಜಾತಿ, ಪಕ್ಷ ನೋಡದೆ ಕೇಸು ಹಾಕಲಿ.